ಗೋಕರ್ಣಕ್ಕೆ ಹೊರಡೋ ಮೊದಲು ಬ್ರೇಕ್ ಆಯಿಲ್ ನೋಡಿದ್ದೀರಾ?

ಕೊನೆಯ ಪೇಪರ್ ಮುಗಿದ ಸಂಜೆ ನಮ್ಮ ಹಾಸ್ಟೆಲ್ ಗೇಟಿನ ಮುಂದೆ ನಡೆಯೋ ಮಾತುಕತೆ ಪ್ರತಿ ವರ್ಷ ಒಂದೇ.

"ಲೇ, ನಾಳೆ ಮುಂಜಾನೆ ಐದಕ್ಕ ಬಿಡೋಣು."

"ಎಲ್ಲಿಗೆ?"

"ಗೋಕರ್ಣ. ಅಲ್ಲಿಂದ ಹೊನ್ನಾವರ, ಜೋಗ, ಶಿರಸಿ ಮ್ಯಾಲೆ ವಾಪಸ್."

"ಗಾಡಿ?"

"ಗಾಡಿಗೇನಾಗೇತಿ? ಮೊನ್ನೆನ ತೊಳಸೀನಿ."

ಈ ಲೇಖನ ಆ ಕೊನೆಯ ಸಾಲಿನ ಬಗ್ಗೆ. ಯಾಕಂದ್ರೆ ಐದನೇ ಸೆಮ್ ಮುಗಿದಾಗ ಆ ಸಾಲು ಹೇಳಿದವನು ನಾನೇ.

ನನ್ನದು ಸೆಕೆಂಡ್ ಹ್ಯಾಂಡ್ 150 ಸಿಸಿ ಗಾಡಿ. ಕಂಪನಿ ಹೆಸರು ಬೇಡ, ತಪ್ಪು ಗಾಡಿಯದ್ದಲ್ಲ. ಟ್ರಿಪ್‌ಗೆ ಅಂತ ಎರಡು ತಿಂಗಳಿಂದ ತಯಾರಿ ನಡೆಸಿದ್ದೆ. ಎರಡು ಎಲ್‌ಇಡಿ ಲೈಟು, ಚಾರ್ಜರ್ ಇರೋ ಮೊಬೈಲ್ ಹೋಲ್ಡರ್, ಕ್ರ್ಯಾಶ್ ಗಾರ್ಡ್, ಎರಡೂ ಕಡೆ ಇಳಿಬಿಡೋ ಬ್ಯಾಗು, ಟ್ಯಾಂಕಿನ ಮೇಲೆ ಸ್ಟಿಕರ್. ಎಲ್ಲಾ ಸೇರಿ ಒಂಬತ್ತು ಸಾವಿರದ ಹತ್ತಿರ ಖರ್ಚಾಗಿತ್ತು. ಮುಂದಿನ ಬ್ರೇಕ್ ಲಿವರ್ ಮಾತ್ರ ಒಂದು ತಿಂಗಳಿಂದ ಸ್ವಲ್ಪ ಮೆತ್ತಗೆ ಅನ್ನಿಸ್ತಿತ್ತು. ಒತ್ತಿದ್ರೆ ಹಿಡೀತಿತ್ತು, ಆದ್ರೆ ಮೊದಲಿಗಿಂತ ಒಂದು ಬೆರಳು ಹೆಚ್ಚು ಒಳಗೆ ಹೋಗ್ತಿತ್ತು. ಗೊತ್ತಿತ್ತು. "ಬಂದ ಮೇಲೆ ತೋರಿಸೋಣ" ಅಂದುಕೊಂಡೆ.

ಹುಬ್ಬಳ್ಳಿಯಿಂದ ಯಲ್ಲಾಪುರದವರೆಗೆ ಏನೂ ತೊಂದರೆ ಇಲ್ಲ. ಅದರ ನಂತರ ಅರಬೈಲ್ ಘಟ್ಟ. ಅಂಕೋಲಾ ಕಡೆ ಹೋಗೋ ಲಾರಿಗಳು ಹಿಂದೆ ಮುಂದೆ. ಹಿಂದಿನ ಸೀಟಿನಲ್ಲಿ ನನ್ನ ರೂಮ್‌ಮೇಟ್, ಎರಡೂ ಕಡೆ ತುಂಬಿದ ಬ್ಯಾಗು. ನಾನು ಪೆಟ್ರೋಲ್ ಉಳಿಸೋ ಜಾಣತನದಲ್ಲಿ ಗಾಡಿಯನ್ನ ನ್ಯೂಟ್ರಲ್‌ಗೆ ಹಾಕಿ, ಮುಂದಿನ ಬ್ರೇಕ್ ಮೇಲೆ ಬೆರಳಿಟ್ಟುಕೊಂಡೇ ಇಳೀತಿದ್ದೆ. ಒಂದು ತಿರುವಿನಲ್ಲಿ ಲಿವರ್ ಒತ್ತಿದೆ. ಅದು ಸೀದಾ ಹ್ಯಾಂಡಲ್‌ಗೆ ಬಂದು ತಾಗಿತು. ಗಾಡಿ ನಿಲ್ಲಲಿಲ್ಲ. ಹಿಂದಿನ ಡ್ರಮ್ ಬ್ರೇಕ್ ಜೋರಾಗಿ ತುಳಿದೆ. ಅದರ ಲೈನರ್ ಸವೆದು ಹೋಗಿತ್ತು ಅಂತ ಆಮೇಲೆ ಗೊತ್ತಾಯ್ತು. ಕೊನೆಗೆ ಗುಡ್ಡದ ಕಡೆಯ ಮಣ್ಣಿನ ದಿಬ್ಬಕ್ಕೆ ಗಾಡಿ ಒರಗಿಸಿ ಬಿದ್ದೆವು. ಇನ್ನೊಂದು ಕಡೆ ಕಣಿವೆ ಇತ್ತು.

ನನಗೆ ಮೊಣಕೈ ತರಚಿತು ಅಷ್ಟೇ. ಅವನ ಕಾಲರ್ ಬೋನ್ ಮುರಿಯಿತು. ಆರನೇ ಸೆಮ್‌ನ ಮೊದಲ ಆರು ವಾರ ಅವನು ಊರಲ್ಲೇ ಇದ್ದ. ಆವತ್ತು ರಾತ್ರಿ ಅವನ ತಾಯಿ ನನಗೆ ಫೋನ್ ಮಾಡಿ ಮೊದಲು ಕೇಳಿದ್ದು, "ನಿನಗೇನೂ ಆಗಿಲ್ಲಲ್ಲಪಾ?" ಅಂತ. ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತೆ.

ಗಾಡಿಯನ್ನ ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ನಮ್ಮ ಮಾಮೂಲಿ ಗ್ಯಾರೇಜಿನಲ್ಲಿ ಇಳಿಸಿದಾಗ ಮೆಕ್ಯಾನಿಕ್ ಕಾಕಾ ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿ ಬ್ಯಾಟರಿ ಹಿಡಿದು ನೋಡಿದರು. "ತಮ್ಮಾ, ಇದು ಎಣ್ಣಿ ಅಲ್ಲ, ಚಹಾ ಆಗೇತಿ. ಯಾವಾಗ ಬದಲಿ ಮಾಡಿದ್ದಿ?" ನನಗೆ ಗೊತ್ತಿರಲಿಲ್ಲ. ಗಾಡಿ ತಗೊಂಡು ಎರಡೂವರೆ ವರ್ಷ ಆಗಿತ್ತು, ಒಮ್ಮೆಯೂ ಮಾಡಿಸಿರಲಿಲ್ಲ. ಅವರು ಲೈಟುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದಕ್ಕ ರೊಕ್ಕ ಇತ್ತು, ಅದಕ್ಕ ಇರಲಿಲ್ಲೇನು?" ಅಂದರು. ಹೊಸ ಬ್ರೇಕ್ ಆಯಿಲ್ ಬಾಟಲಿಗೆ ನೂರೈವತ್ತು ರೂಪಾಯಿಯೂ ಆಗಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ದೂರದ ಪ್ರಯಾಣಕ್ಕೆ ಗಾಡಿ ರೆಡಿ ಮಾಡೋದು ಅಂದ್ರೆ ನಾವು ತಿಳಿದಿರೋದೇ ತಪ್ಪು. ಹೊಸದಾಗಿ ಏನನ್ನಾದ್ರೂ ಸೇರಿಸೋ ಮೊದಲು, ಇರೋದನ್ನೆಲ್ಲಾ ಸರಿ ಮಾಡಿರಬೇಕು. ಇರೋದು ಸರಿ ಇಲ್ಲದ ಗಾಡಿಗೆ ಲೈಟು, ಬ್ಯಾಗು, ಗಾರ್ಡ್ ಹಾಕಿದ್ರೆ ಅದರ ತೂಕ ಹೆಚ್ಚಾಗುತ್ತೆ, ನಮ್ಮ ಧೈರ್ಯ ಹೆಚ್ಚಾಗುತ್ತೆ, ಬ್ರೇಕ್ ಮಾತ್ರ ಹಳೇದೇ ಇರುತ್ತೆ.

ನಮ್ಮ ಸಿಲಬಸ್‌ನಲ್ಲೇ ಇತ್ತು

ನಾಚಿಕೆಯ ವಿಷಯ ಅಂದ್ರೆ ನಾನು ಮೆಕ್ಯಾನಿಕಲ್ ಬ್ರಾಂಚು. ಆ ದಿನ ಆದದ್ದನ್ನೆಲ್ಲಾ ಲೆಕ್ಕ ಹಾಕಲಿಕ್ಕೆ ಬೇಕಾದ್ದು ಪಿಯುಸಿಯಲ್ಲೇ ಕಲಿತಿದ್ದೆ. ಗಾಡಿ, ಇಬ್ಬರು, ಸಾಮಾನು ಸೇರಿ 300 ಕೆ.ಜಿ. ಅಂತ ಇಟ್ಟುಕೊಳ್ಳಿ. ಘಟ್ಟದಲ್ಲಿ 300 ಮೀಟರ್ ಕೆಳಗೆ ಇಳಿದ್ರೆ ಎಂಜಿಎಚ್ ಎಷ್ಟು? ಸುಮಾರು 880 ಕಿಲೋಜೂಲ್. ಎರಡೂವರೆ ಲೀಟರ್ ನಲ್ಲಿ ನೀರನ್ನ ಕುದಿಸಲಿಕ್ಕೆ ಸಾಕಾಗೋಷ್ಟು ಶಾಖ. ಸ್ಪೀಡು ಹೆಚ್ಚಾಗಬಾರದು ಅಂದ್ರೆ ಈ ಶಕ್ತಿ ಎಲ್ಲಾದ್ರೂ ಹೋಗಲೇಬೇಕು. ಗೇರ್‌ನಲ್ಲಿದ್ರೆ ಒಂದು ದೊಡ್ಡ ಪಾಲು ಎಂಜಿನ್ ತಗೊಳ್ಳುತ್ತೆ, ಸ್ವಲ್ಪ ಗಾಳಿಗೆ ಹೋಗುತ್ತೆ. ನ್ಯೂಟ್ರಲ್‌ಗೆ ಹಾಕಿದ್ರೆ? ಹೆಚ್ಚು ಕಡಿಮೆ ಎಲ್ಲಾ ಆ ಚಿಕ್ಕ ಡಿಸ್ಕಿನ ಮೇಲೆ.

ಇನ್ನು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವಾಂಶವನ್ನ ಹೀರಿಕೊಳ್ಳುತ್ತೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದ್ರೆ 205 ಮತ್ತು 140. ಆಯಿಲ್ ಕುದಿದು ಆವಿಯಾದ್ರೆ ಏನಾಗುತ್ತೆ? ದ್ರವವನ್ನ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನೀವು ಲಿವರ್ ಒತ್ತಿದ ಶ್ರಮವೆಲ್ಲಾ ಗುಳ್ಳೆ ಕುಗ್ಗಿಸೋಕೆ ಹೋಗುತ್ತೆ, ಪ್ಯಾಡಿಗೆ ತಲುಪೋದೇ ಇಲ್ಲ. ಪಾಸ್ಕಲ್ ನಿಯಮಕ್ಕೆ ಫುಲ್ ಮಾರ್ಕ್ಸ್ ತಗೊಂಡ ಹುಡುಗ ನಾನು. ನನ್ನ ಗಾಡಿಯ ಡಬ್ಬಿಯಲ್ಲಿ ಏನಿದೆ ಅಂತ ನೋಡಿರಲಿಲ್ಲ.

ಇನ್ನೊಂದು ಲೆಕ್ಕ. ಗಾಡಿ ಓಡಬೇಕಾದ್ರೆ ಟಯರ್, ಚೈನ್, ಕ್ಲಚ್ ವೈರ್, ಬ್ಯಾಟರಿ, ಪ್ಲಗ್, ಬೇರಿಂಗ್ ಎಲ್ಲವೂ ಕೆಲಸ ಮಾಡಲೇಬೇಕು. ಇದು ಸೀರೀಸ್ ಸಿಸ್ಟಮ್. ಇಂಥ ಇಪ್ಪತ್ತು ಭಾಗಗಳಿವೆ, ಒಂದೊಂದೂ ಈ ಟ್ರಿಪ್‌ನಲ್ಲಿ ಕೈಕೊಡದೇ ಇರೋ ಸಾಧ್ಯತೆ 0.99 ಅಂತ ಇಟ್ಟುಕೊಂಡ್ರೂ, ಎಲ್ಲಾ ಸರಿಯಾಗಿರೋ ಸಾಧ್ಯತೆ 0.99ರ ಇಪ್ಪತ್ತನೇ ಘಾತ, ಅಂದ್ರೆ ಸುಮಾರು 0.82. ಐದರಲ್ಲಿ ಹತ್ತಿರ ಹತ್ತಿರ ಒಂದು ಟ್ರಿಪ್‌ನಲ್ಲಿ ಏನೋ ಒಂದು ಕೆಟ್ಟು ನಿಲ್ಲುತ್ತೆ. "ಇಷ್ಟು ದಿನ ಏನೂ ಆಗಿಲ್ಲ" ಅನ್ನೋ ಧೈರ್ಯ ಕಾಲೇಜಿಗೆ ದಿನಾ ನಾಲ್ಕು ಕಿ.ಮೀ. ಓಡಿಸಿದ ಅನುಭವದ ಧೈರ್ಯ. ನಾಲ್ಕುನೂರೈವತ್ತು ಕಿ.ಮೀ. ಬೇರೆ ಮಾತು.

ಗಾಡಿ ಪಕ್ಕ ಕೂತು ನೋಡಬೇಕಾದ್ದು

ಇದಕ್ಕೆ ಒಂದು ಗಂಟೆ ಸಾಕು, ಹೆಚ್ಚಿನದಕ್ಕೆ ಪಾನಾ ಕೂಡ ಬೇಡ.

ಮೊದಲು ಬ್ರೇಕ್. ಡಬ್ಬಿಯಲ್ಲಿ ಆಯಿಲ್ ಬಣ್ಣ ಕಪ್ಪಾಗಿದ್ರೆ, ಅಥವಾ ಬದಲಿಸಿ ಎರಡು ವರ್ಷ ಆಗಿದ್ರೆ, ಬದಲಿಸಿ. ಮೇಲಿಂದ ಒಂದಿಷ್ಟು ಸುರಿಯೋದಲ್ಲ, ಹಳೇದನ್ನ ಪೂರ್ತಿ ತೆಗೆದು ಗಾಳಿ ಬಿಡಿಸಬೇಕು. ಡಿಸ್ಕ್ ಪ್ಯಾಡಿನಲ್ಲಿರೋ ಗೆರೆ ಅಳಿಸಿಹೋಗೋ ಹಾಗಿದ್ರೆ ಪ್ಯಾಡ್ ಮುಗಿದಿದೆ ಅಂತ ಅರ್ಥ. ಡ್ರಮ್ ಇದ್ರೆ ಹಿಂದಿನ ಚಕ್ರದ ಹತ್ತಿರ ಬ್ರೇಕ್ ಪೂರ್ತಿ ಒತ್ತಿ ನೋಡಿ. ಹಲವು ಗಾಡಿಗಳಲ್ಲಿ ಅಲ್ಲೇ ಒಂದು ಬಾಣದ ಗುರುತಿರುತ್ತೆ, ಅದು ಮಿತಿ ದಾಟಿದ್ರೆ ಬ್ರೇಕ್ ಶೂ ಬದಲಿಸೋ ಸಮಯ.

ಎರಡನೆಯದು ಟಯರ್. ಗಾಳಿ ನೋಡಿದ್ರೆ ಸಾಲದು. ಟಯರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗೋ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ನಮ್ಮಲ್ಲಿ ಎಷ್ಟೋ ಜನ ಅಪ್ಪನ ಗಾಡಿ ತಂದಿರ್ತೀವಿ. ಕಡಿಮೆ ಓಡಿರುತ್ತೆ, ಟಯರ್ ಗೆರೆ ಚೆನ್ನಾಗಿರುತ್ತೆ, ಆದ್ರೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತೆ. ಅಂಥ ಟಯರ್ ಮಳೆಯಲ್ಲಿ ಹಿಡಿತ ಕೊಡಲ್ಲ. ಹಿಂದೆ ಒಬ್ಬರು ಕೂತ್ರೆ ಗಾಳಿ ಎಷ್ಟಿರಬೇಕು ಅನ್ನೋದು ಬೇರೆಯೇ ಲೆಕ್ಕ. ಚೈನ್ ಕವರ್ ಹತ್ತಿರದ ಸ್ಟಿಕರ್‌ನಲ್ಲೋ ಮ್ಯಾನುಯಲ್‌ನಲ್ಲೋ ಬರೆದಿರುತ್ತೆ. ಬಂಕಿನ ಹುಡುಗ "ಎಷ್ಟು ಹಾಕ್ಲಿ?" ಅಂದಾಗ "ನಾರ್ಮಲ್" ಅನ್ನೋದನ್ನ ಇನ್ನಾದ್ರೂ ಬಿಡೋಣ.

ಮೂರನೆಯದು ಚೈನ್. ಹಿಂದಿನ ಸ್ಪ್ರಾಕೆಟ್‌ನ ಹಿಂಭಾಗದಲ್ಲಿ ಚೈನನ್ನ ಬೆರಳಿಂದ ಹಿಂದಕ್ಕೆ ಎಳೆದು ನೋಡಿ. ಅರ್ಧ ಹಲ್ಲು ಕಾಣೋಷ್ಟು ಎದ್ದರೆ ಚೈನ್ ಸವೆದಿದೆ. ಹಲ್ಲುಗಳು ಒಂದೇ ಕಡೆ ವಾಲಿ ಚೂಪಾಗಿದ್ರೆ ಸ್ಪ್ರಾಕೆಟ್ ಕೂಡ ಮುಗಿದಿದೆ. ಬರೀ ಚೈನ್ ಬದಲಿಸಿ ದುಡ್ಡು ಉಳಿಸೋಕೆ ಹೋಗಬೇಡಿ, ಹಳೇ ಹಲ್ಲು ಹೊಸ ಚೈನನ್ನ ಬೇಗ ತಿನ್ನುತ್ತೆ, ಸೆಟ್ಟೇ ಹಾಕಿಸಿ. ಬಿಗಿ ಎಷ್ಟಿರಬೇಕು ಅಂತ ಮ್ಯಾನುಯಲ್ ಹೇಳುತ್ತೆ, ನಮ್ಮ ಸಾಮಾನ್ಯ ಗಾಡಿಗಳಿಗೆ ಎರಡರಿಂದ ಮೂರು ಸೆಂಟಿಮೀಟರ್ ಆಟ. ಹೆಚ್ಚು ಬಿಗಿ ಮಾಡಿದ್ರೆ ಒಳ್ಳೇದು ಅನ್ನೋದು ಸುಳ್ಳು, ಬೇರಿಂಗ್ ಹಾಳಾಗುತ್ತೆ. ಚೈನ್ ಲಾಕ್ ಇರೋ ಗಾಡಿಯಾದ್ರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೆ ಇರಬೇಕು. ತೆರೆದ ತುದಿ ಮುಂದಿದ್ರೆ ಏನಾದ್ರೂ ತಾಗಿ ಕ್ಲಿಪ್ ಹಾರಿಹೋಗಬಹುದು, ಚೈನ್ ಬಿಚ್ಚಿ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು.

ನಾಲ್ಕನೆಯದು ಕೋನ್‌ಸೆಟ್ ಮತ್ತು ಚಕ್ರದ ಬೇರಿಂಗ್. ಸೆಂಟರ್ ಸ್ಟ್ಯಾಂಡ್ ಹಾಕಿ, ಗೆಳೆಯನ ಕೈಲಿ ಹಿಂಭಾಗ ಒತ್ತಿಸಿ, ಮುಂದಿನ ಚಕ್ರ ನೆಲ ಬಿಟ್ಟ ಮೇಲೆ ಫೋರ್ಕ್ ಕೆಳಗೆ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ. ಟಕ್ ಟಕ್ ಅಂದ್ರೆ ಕೋನ್‌ಸೆಟ್ ಸಡಿಲ ಅಥವಾ ಸವೆದಿದೆ. ಚಕ್ರ ಪಕ್ಕಕ್ಕೆ ಅಲುಗಿದ್ರೆ ಬೇರಿಂಗ್. ಊರೊಳಗಿನ ನಲವತ್ತರ ಸ್ಪೀಡಿನಲ್ಲಿ ಇದು ಗೊತ್ತಾಗಲ್ಲ, ಹೈವೇಯಲ್ಲಿ ಹ್ಯಾಂಡಲ್ ನಡುಗೋಕೆ ಶುರು ಮಾಡಿದಾಗ ಗೊತ್ತಾಗುತ್ತೆ.

ಐದನೆಯದು ಎಲೆಕ್ಟ್ರಿಕಲ್. ಇಸಿ, ಟ್ರಿಪಲ್ ಇ ಗೆಳೆಯರೇ, ಇದು ನಿಮ್ಮ ಇಲಾಖೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದ್ರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡ್ತಾ ಸ್ವಲ್ಪ ರೇಸ್ ಕೊಟ್ಟಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ ಒಳಗೆ. ಅಷ್ಟು ಬರದಿದ್ರೆ ಚಾರ್ಜಿಂಗ್ ಸರಿ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಬ್ಯಾಟರಿ ಪೂರ್ತಿ ಸತ್ತರೆ ಪಂಪೇ ಓಡಲ್ಲ, ತಳ್ಳಿ ಸ್ಟಾರ್ಟ್ ಮಾಡ್ತೀನಿ ಅನ್ನೋ ಹಳೇ ಧೈರ್ಯ ನಡೆಯಲ್ಲ.

ಎಂಜಿನ್ ಆಯಿಲ್ ಎಲ್ಲರಿಗೂ ನೆನಪಿರುತ್ತೆ, ಆದ್ರೆ ಒಂದು ಮಾತು: ಮನೆಯಲ್ಲಿ ಉಳಿದ ಕಾರಿನ ಆಯಿಲ್ ಹಾಕಬೇಡಿ. ನಮ್ಮ ಹೆಚ್ಚಿನ ಗಾಡಿಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಕಾರಿನ ಕೆಲವು ಆಯಿಲ್‌ಗಳಲ್ಲಿರೋ ಘರ್ಷಣೆ ತಗ್ಗಿಸೋ ರಾಸಾಯನಿಕದಿಂದ ಕ್ಲಚ್ ಜಾರುತ್ತೆ. ಬಾಟಲಿ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ.

ಇದನ್ನೆಲ್ಲಾ ಹೊರಡೋ ಹಿಂದಿನ ದಿನ ಮಾಡಬೇಡಿ. ರಿಲಯಬಿಲಿಟಿ ಪಾಠದ ಬಾತ್‌ಟಬ್ ಕರ್ವ್ ನೆನಪಿದೆಯಲ್ಲಾ? ಹೊಸದಾಗಿ ಹಾಕಿದ ಭಾಗ, ಈಗಷ್ಟೇ ಬಿಚ್ಚಿ ಜೋಡಿಸಿದ ಭಾಗ ಶುರುವಿನಲ್ಲೇ ಕೈಕೊಡೋ ಸಾಧ್ಯತೆ ಹೆಚ್ಚು. ಬಿಗಿ ಮಾಡೋಕೆ ಮರೆತ ನಟ್ಟು, ಸರಿಯಾಗಿ ಕೂರದ ವೈರು ಎಲ್ಲಾ ಮೊದಲ ನೂರು ಕಿ.ಮೀ.ಯಲ್ಲೇ ಗೊತ್ತಾಗೋದು. ಎರಡು ವಾರ ಮೊದಲೇ ಸರ್ವಿಸ್ ಮಾಡಿಸಿ ಊರಲ್ಲೇ ಇನ್ನೂರು ಕಿ.ಮೀ. ಓಡಿಸಿ, ಆಮೇಲೆ ನಟ್ಟುಗಳನ್ನ ಇನ್ನೊಮ್ಮೆ ನೋಡಿ. ಗ್ಯಾರೇಜ್ ಪಕ್ಕದಲ್ಲಿ ಬಿಚ್ಚಿಕೊಂಡ್ರೆ ಐದು ನಿಮಿಷದ ಕೆಲಸ, ಕಾಡಿನ ನಡುವೆ ಆದ್ರೆ ಇಡೀ ದಿನ.

ಸೇರಿಸಲೇಬೇಕು ಅಂದ್ರೆ

ಲೈಟೇ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ತಲಾ 40 ವ್ಯಾಟಿನ ಎರಡು ಲೈಟು ಅಂದ್ರೆ 80 ವ್ಯಾಟ್, 12 ವೋಲ್ಟ್‌ಗೆ ಸುಮಾರು 6.7 ಆಂಪಿಯರ್. ಅದನ್ನ ಹೆಡ್‌ಲೈಟ್ ವೈರಿಗೆ ಸುತ್ತಿ ಟೇಪ್ ಹೊಡೆದ್ರೆ ವೈರ್ ಬಿಸಿಯಾಗುತ್ತೆ, ಸ್ವಿಚ್ ಸುಡುತ್ತೆ. ರಿಲೇ ಮತ್ತು ಬೇರೆ ಫ್ಯೂಸ್ ಇರಲೇಬೇಕು. ಗಾಡಿಯ ಆಲ್ಟರ್ನೇಟರ್ ಅಷ್ಟು ಕೊಡುತ್ತಾ ಅನ್ನೋದನ್ನೂ ಮೊದಲೇ ನೋಡಬೇಕು. ಎದುರಿನವನ ಕಣ್ಣಿಗೆ ಹೊಡೆಯದ ಹಾಗೆ ಕೆಳಕ್ಕೆ ತಿರುಗಿಸೋದು ಕನಿಷ್ಠ ಮರ್ಯಾದೆ.

ಅದೇ ದುಡ್ಡಿನಲ್ಲಿ ನಾನು ಈಗ ಸೀಟಿನ ಕೆಳಗೆ ಮತ್ತು ಒಂದು ಚಿಕ್ಕ ಚೀಲದಲ್ಲಿ ಇಟ್ಟುಕೊಳ್ಳೋದು ಇಷ್ಟು: ಒಂದು ಕ್ಲಚ್ ವೈರ್, ಒಂದು ಆಕ್ಸಿಲರೇಟರ್ ವೈರ್, ಸ್ಪಾರ್ಕ್ ಪ್ಲಗ್, ನಾಲ್ಕು ಫ್ಯೂಸು, ಚೈನ್ ಲಾಕ್, ಪಂಕ್ಚರ್ ಕಿಟ್, ಚಿಕ್ಕ ಪಂಪು, ಇನ್ಸುಲೇಷನ್ ಟೇಪು, ಕೇಬಲ್ ಟೈ, ಗಾಡಿ ಜೊತೆ ಬಂದ ಪಾನಾ ಸೆಟ್. ಕಡ್ಡಿ ಚಕ್ರ ಇದ್ದು ಟ್ಯೂಬ್ ಇರೋ ಗಾಡಿಯಾದ್ರೆ ಒಂದು ಟ್ಯೂಬ್ ಕೂಡ. ಹೊಸ ಕ್ಲಚ್ ವೈರನ್ನ ಹಳೇದರ ಪಕ್ಕದಲ್ಲೇ ಎಳೆದು ಕಟ್ಟಿಡೋದು ಹಳಬರ ಉಪಾಯ. ಹಳೇದು ಕಿತ್ತ ದಿನ ಟ್ಯಾಂಕ್ ಬಿಚ್ಚದೆ ಎರಡು ತುದಿ ಸಿಕ್ಕಿಸಿದ್ರೆ ಮುಗೀತು. ಜೊತೆಗೆ ಇವುಗಳನ್ನ ಒಮ್ಮೆಯಾದ್ರೂ ಹಾಸ್ಟೆಲ್ ಅಂಗಳದಲ್ಲಿ ನೀವೇ ಹಾಕಿ ತೆಗೆದಿರಬೇಕು. ಬಳಸೋಕೆ ಬಾರದ ಪಂಕ್ಚರ್ ಕಿಟ್ ಬರೀ ಭಾರ.

ಸಾಮಾನನ್ನ ಆದಷ್ಟು ಕೆಳಗೆ, ಮಧ್ಯಕ್ಕೆ ಕಟ್ಟಿ. ಬ್ಯಾಗ್ ಸೈಲೆನ್ಸರ್‌ಗೆ ತಾಗಬಾರದು, ಹಿಂದಿನ ಲೈಟು ಮುಚ್ಚಬಾರದು. ಹಿಂದೆ ಕೂರೋರಿಗೂ ಐಎಸ್ಐ ಗುರುತಿನ ಹೆಲ್ಮೆಟ್, ಅದರ ಪಟ್ಟಿ ಕಟ್ಟಿರಬೇಕು. ನನ್ನ ರೂಮ್‌ಮೇಟ್ ಪಟ್ಟಿ ಕಟ್ಟಿದ್ದ. ಅದಿಲ್ಲದಿದ್ರೆ ಈ ಲೇಖನ ಬರೆಯೋ ಸ್ಥಿತಿಯಲ್ಲಿ ನಾನು ಇರ್ತಿರಲಿಲ್ಲ. ಘಟ್ಟ ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್.

ಎರಡು ಆಕ್ಷೇಪಗಳು

"ಸರ್ವಿಸ್‌ಗೆ ಬಿಟ್ಟಿದ್ದೆ, ಅವರೇ ನೋಡಿರ್ತಾರೆ" ಅಂತ ಕೆಲವರು. ನಾನೂ ಬಿಟ್ಟಿದ್ದೆ. ಸರ್ವಿಸ್‌ಗೆ ಬಿಟ್ಟಾಗ ನಾವು ಹೇಳೋದು "ಆಯಿಲ್ ಬದಲಿಸಿ, ವಾಷಿಂಗ್ ಮಾಡಿ" ಅಷ್ಟೇ. ದಿನಕ್ಕೆ ಇಪ್ಪತ್ತು ಗಾಡಿ ನೋಡೋ ಮನುಷ್ಯ ನಾವು ಕೇಳದ್ದನ್ನ ಯಾಕೆ ಬಿಚ್ಚಿ ನೋಡ್ತಾನೆ? "ಎರಡು ವಾರದಲ್ಲಿ ಘಟ್ಟ ಇಳೀತೀನಿ, ಹಿಂದೆ ಒಬ್ಬ ಇರ್ತಾನೆ, ಬ್ರೇಕು ಚೈನು ಬೇರಿಂಗ್ ನೋಡ್ರಿ" ಅಂತ ಹೇಳಿ. ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿ.

"ದುಡ್ಡೆಲ್ಲಿದೆ?" ಅನ್ನೋದು ಇನ್ನೊಂದು. ಇದು ನಿಜವಾದ ಕಷ್ಟ. ಚೈನ್ ಸೆಟ್, ಟಯರ್ ಎರಡೂ ಒಟ್ಟಿಗೆ ಹೋದ್ರೆ ವಿದ್ಯಾರ್ಥಿಗೆ ಭಾರವೇ. ಆಗ ನನ್ನ ಉತ್ತರ: ಈ ಸಲ ಬಸ್ಸಿಗೆ ಹೋಗಿ. ಹುಬ್ಬಳ್ಳಿಯಿಂದ ಅಂಕೋಲಾ, ಗೋಕರ್ಣ ಕಡೆಗೆ ಸಾರಿಗೆ ಬಸ್ಸಿದೆ. ಸಮುದ್ರ ಅಲ್ಲೇ ಇರುತ್ತೆ. ಗಾಡಿ ಸರಿ ಮಾಡಿಸಲು ದುಡ್ಡಿಲ್ಲದಿದ್ರೆ ಅದರಲ್ಲಿ ಇನ್ನೊಬ್ಬನನ್ನ ಕೂರಿಸಿಕೊಂಡು ಘಟ್ಟ ಇಳಿಯೋ ಹಕ್ಕೂ ನಮಗಿಲ್ಲ. ಹಿಂದೆ ಕೂತವನಿಗೆ ಬ್ರೇಕ್ ಲಿವರ್ ಮೆತ್ತಗಿದೆ ಅಂತ ಗೊತ್ತಿರಲ್ಲ. ಅವನು ನಮ್ಮನ್ನ ನಂಬಿ ಕೂತಿರ್ತಾನೆ.

ನಮ್ಮ ಕಾಲೇಜಿಗೆ ಒಂದು ಬೇಡಿಕೆ

ಬೈಕ್ ಟ್ರಿಪ್ ಹೋಗಬೇಡಿ ಅಂತ ನೋಟಿಸ್ ಹಾಕಿದ್ರೆ ಯಾರೂ ನಿಲ್ಲಲ್ಲ, ಹೇಳದೇ ಹೋಗ್ತಾರೆ ಅಷ್ಟೇ. ಅದರ ಬದಲು ಪ್ರತಿ ಸೆಮ್‌ನ ಪರೀಕ್ಷೆಗೆ ಎರಡು ವಾರ ಮೊದಲು ಒಂದು ಶನಿವಾರ ನಮ್ಮ ಮೆಕ್ಯಾನಿಕಲ್ ವರ್ಕ್‌ಶಾಪ್ ತೆರೆದಿಡಲಿ. ಅಲ್ಲಿ ಟಾರ್ಕ್ ರೆಂಚ್ ಇದೆ, ಇಸಿ ಲ್ಯಾಬ್‌ನಲ್ಲಿ ಮಲ್ಟಿಮೀಟರ್ ಇದೆ, ಗಾಳಿಗೆ ಕಂಪ್ರೆಸರ್ ಇದೆ. ಊರಿನ ಒಬ್ಬಿಬ್ಬರು ಅನುಭವಿ ಮೆಕ್ಯಾನಿಕ್‌ಗಳನ್ನ ಗೌರವಧನ ಕೊಟ್ಟು ಕರೆಯೋಣ. ಮೇಲೆ ಬರೆದದ್ದನ್ನೆಲ್ಲಾ ಒಂದು ಪುಟದ ಪಟ್ಟಿ ಮಾಡಿ ಕನ್ನಡದಲ್ಲಿ ಅಚ್ಚು ಹಾಕಿಸೋ ಕೆಲಸ ನಮ್ಮ ಕನ್ನಡ ಸಂಘ ವಹಿಸಿಕೊಳ್ಳಲಿ. ಮುನ್ನೂರು ಪುಟದ ಥರ್ಮೋಡೈನಾಮಿಕ್ಸ್ ಓದೋ ನಾವು ಒಂದು ಪುಟ ಓದಲಾರೆವಾ?

ಕಾಲೇಜು ಒಪ್ಪೋವರೆಗೆ ಕಾಯಬೇಕಾಗಿಯೂ ಇಲ್ಲ. ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ಮುಂದಿನ ಭಾನುವಾರ ಬೆಳಗ್ಗೆ ನಾನು ಇರ್ತೀನಿ, ಮಲ್ಟಿಮೀಟರ್ ಮತ್ತು ಗಾಳಿ ನೋಡೋ ಗೇಜ್ ಜೊತೆ. ಬ್ರಾಂಚ್ ಯಾವುದಾದ್ರೂ ಪರವಾಗಿಲ್ಲ, ಗಾಡಿ ತನ್ನಿ, ಸೇರಿ ನೋಡೋಣ.

ಈ ಜನವರಿಯಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋಗಿದ್ದೆವು. ಹಿಂದೆ ಅದೇ ರೂಮ್‌ಮೇಟ್. ಹೊರಡೋ ಮೊದಲು ಅವನು ಏನೂ ಮಾತಾಡದೆ ಹ್ಯಾಂಡಲ್ ಹತ್ತಿರ ಬಂದು, ಮೊಬೈಲ್ ಟಾರ್ಚ್ ಹಾಕಿ ಬ್ರೇಕ್ ಆಯಿಲ್ ಡಬ್ಬಿ ನೋಡಿ, ಆಮೇಲೆ ಹೆಲ್ಮೆಟ್ ಪಟ್ಟಿ ಕಟ್ಟಿಕೊಂಡ. ಅರಬೈಲ್ ಘಟ್ಟವನ್ನ ಎರಡನೇ ಗೇರಲ್ಲಿ ನಿಧಾನಕ್ಕೆ ಇಳಿದೆವು. ಲಾರಿಗಳು ಹಾರ್ನ್ ಹೊಡೆದವು, ಹೊಡೆಯಲಿ ಅಂತ ದಾರಿ ಬಿಟ್ಟೆವು. ಮಧ್ಯಾಹ್ನ ಊಟದ ಹೊತ್ತಿಗೆ ಗೋಕರ್ಣದಲ್ಲಿದ್ದೆವು.

ಸಂಜೆ ಅವನ ತಾಯಿಗೆ ಫೋನ್ ಮಾಡಿ "ಮುಟ್ಟಿದ್ವಿ ಅವ್ವಾ" ಅಂತ ಹೇಳಿದವನು ನಾನು.